ಗೋಡೆಯಾಚೆ ಹುಳ, ಗೋಡೆಯೀಚೆ ಒಗ್ಗರಣೆ

ಬಾಣಲೆಗೆ ಎಣ್ಣೆ ಬಿಟ್ಟು ಸಾಸಿವೆ ಡಬ್ಬಿ ಕೈಗೆತ್ತಿಕೊಂಡ ಮೇಲೆ ನಾನು ಮಾಡುವ ಮೊದಲ ಕೆಲಸ ಸಾಸಿವೆ ಹಾಕುವುದಲ್ಲ. ಒಲೆ ಸಣ್ಣ ಮಾಡಿ ಹೋಗಿ ಅಡುಗೆಮನೆಯ ಕಿಟಕಿ ಮುಚ್ಚುತ್ತೇನೆ. ಆಮೇಲೆ ಬಾಗಿಲು. ಆಮೇಲೆ ಸಾಸಿವೆ. ಘಾಟು ಹೋಗಲು ದಾರಿಯಿಲ್ಲದೆ ನಾನೇ ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬರುತ್ತೇನೆ. ನಮ್ಮ ಯಜಮಾನರು ಹೊಗೆ ಎಳೆಯಲೆಂದೇ ಗೋಡೆಗೊಂದು ಫ್ಯಾನು ಹಾಕಿಸಿಕೊಟ್ಟಿದ್ದಾರೆ. ಅದರ ಸ್ವಿಚ್ ಒತ್ತಲು ನನಗೆ ಇವತ್ತಿಗೂ ಕೈ ಬರುವುದಿಲ್ಲ, ಗೋಡೆಯ ಆಚೆ ಏನಿದೆಯೋ ಯಾರು ಕಂಡರು. ಆಚೆ ಇರುವುದು ಪಕ್ಕದ ಮನೆಯವರ ಸ್ಕೂಟರು. "ಸ್ಕೂಟರಿಗೆ ಜ್ವರ ಬರಲ್ಲ ಕಣೆ, ಫ್ಯಾನು ಹಾಕು" ಎಂದು ಯಜಮಾನರು ಪ್ರತಿಸಲವೂ ಹೇಳುತ್ತಾರೆ. ನೀವು ನಮ್ಮ ಮನೆಗೆ ಊಟಕ್ಕೆ ಬಂದರೆ ಈ ಗೀಳು ಯಾಕೆಂದು ಕೇಳಿಯೇ ಕೇಳುತ್ತೀರಿ. ಅದಕ್ಕೆ ಮೊದಲೇ ಹೇಳಿಬಿಡುವುದು ವಾಸಿ.

ಒಗ್ಗರಣೆಯ ವಿಷಯದಲ್ಲಿ ನನ್ನನ್ನು ಯಾರೂ ಹಗುರವಾಗಿ ಕಾಣಬಾರದು. ಮಾಗಡಿ ಬಸ್ ಸ್ಟ್ಯಾಂಡಿನ ಎದುರು ನಮ್ಮಪ್ಪನ ಹೋಟೆಲಿತ್ತು. ನಮ್ಮೂರಿಗೆ ರೈಲಿಲ್ಲ, ಎಲ್ಲಿಗೆ ಹೋಗುವವರೂ ಬಸ್ಸಿಗೇ ಕಾಯಬೇಕು. ಹಾಗೆ ಕಾಯುವವರ ಮೂಗಿಗೆ ಇಂಗು ಬೆಳ್ಳುಳ್ಳಿ ತಾಕಿಸಿದರೆ ಸಾಕು, ಕಾಲು ತಾನಾಗಿ ಒಳಗೆ ಬರುತ್ತದೆ ಎನ್ನುವುದು ಅಪ್ಪನ ವ್ಯಾಪಾರದ ಗುಟ್ಟು. ಹೋಟೆಲಿಗೊಂದು ಬೋರ್ಡು ಬರೆಸಿ ಎಂದು ಅಮ್ಮ ಸಾಯುವವರೆಗೂ ಹೇಳಿದಳು, ಅಪ್ಪ ಬರೆಸಲಿಲ್ಲ. ವಾಸನೆ ಇರುವಾಗ ಬೋರ್ಡು ಯಾಕೆ ಅನ್ನುವುದು ಅವರ ವಾದ. ಆ ಬೋರ್ಡನ್ನು ನಾನು ಮೈಮೇಲೆ ಹೊತ್ತುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ನನ್ನ ಜಡೆ ಎಳೆದು ಮೂಸಿ, "ಇವತ್ತು ನಿಮ್ಮ ಹೋಟ್ಲಲ್ಲಿ ಪುಳಿಯೋಗರೆ" ಎಂದು ಇಡೀ ಕ್ಲಾಸಿಗೆ ಕೇಳುವಂತೆ ಹೇಳುತ್ತಿದ್ದಳು. ಒಂದು ದಿನವೂ ತಪ್ಪಾಗಿದ್ದಿಲ್ಲ. ನನಗೆ ಅವಮಾನವಾಗಿ ಅಳು ಬರುತ್ತಿತ್ತು, ಅದರ ಜೊತೆಗೇ ಒಂದಿಷ್ಟು ಜಂಬವೂ ಬರುತ್ತಿತ್ತು.

ಇಂಥ ಮನೆಯಿಂದ ಮದುವೆಯಾಗಿ ಬಂದವಳು ನಾನು. ನಮ್ಮ ಯಜಮಾನರಿಗೆ ಬಿಡದಿಯ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಆಗ ಆ ಕಡೆ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಕಂಪನಿ ಬಸ್ಸು ನಿಲ್ಲುವ ಹಳ್ಳಿಯಲ್ಲೆಲ್ಲ ಬಾಡಿಗೆ ರೂಮುಗಳು ಹುಟ್ಟಿಕೊಳ್ಳುತ್ತಿದ್ದವು. ದನದ ಕೊಟ್ಟಿಗೆಗೆ ಗೋಡೆ ಬಂತು, ಗೋಡೆಗೆ ಬಣ್ಣ ಬಂತು, ಬಾಗಿಲಿನ ಮೇಲೆ ನಂಬರು ಬಂತು, ಎಮ್ಮೆ ಮಲಗುತ್ತಿದ್ದಲ್ಲಿ ಐಟಿಐ ಮುಗಿಸಿದ ಹುಡುಗರು ಮಲಗಿದರು. ರಾಮನಗರದ ಅಂಚಿನ ಅಂಥದೇ ಒಂದು ಹಳ್ಳಿಯಲ್ಲಿ ಚಿಕ್ಕೇಗೌಡರ ಮನೆಯ ಒಂದು ಭಾಗಕ್ಕೆ ನಾವು ಬಾಡಿಗೆಗೆ ಬಂದೆವು. ಒಂದು ಹಾಲು, ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಗೋಡೆಯಾಚೆ ಗೌಡರ ಹುಳದ ಮನೆ, ಅಂದರೆ ರೇಷ್ಮೆ ಹುಳ ಸಾಕುವ ಉದ್ದನೆಯ ಕೋಣೆ. ಅದು ಗೌಡರ ಹೆಂಡತಿ ಜಯಮ್ಮನವರ ರಾಜ್ಯ.

ಆ ಗೋಡೆ ಮಣ್ಣಿನ ಗೋಡೆ, ಮೇಲೆ ಸಿಮೆಂಟಿನ ಗಾರೆ. ಮಳೆಗಾಲ ಬಂದರೆ ಶೀತ ಹಿಡಿದು ಗಾರೆ ಹಪ್ಪಳದ ಹಾಗೆ ಏಳುತ್ತಿತ್ತು. ಒಂದು ದಿನ ದೋಸೆ ಹಿಟ್ಟಿನೊಳಗೇ ಬಿತ್ತು. ನಾನು ಗೌಡರ ಬೆನ್ನು ಹತ್ತಿದೆ. ಕಂಡಾಗಲೆಲ್ಲ ಗೋಡೆ, ಗೋಡೆ ಎಂದೆ. ಕೊನೆಗೆ ಗೌಡರು ಮೇಸ್ತ್ರಿ ಸಿದ್ದರಾಜುವನ್ನು ಕರೆತಂದು, "ಎದ್ದಿರೋ ಗಾರೆ ಒಸಿ ಕೆತ್ತಿ ಹೊಸದಾಗ್ ಬಳ್ದುಬುಡಪ್ಪ" ಎಂದು ಹೇಳಿ ಹೊಲಕ್ಕೆ ಹೋದರು. ನಾನು ಪಾತ್ರೆಗಳನ್ನೆಲ್ಲ ಹಾಲಿಗೆ ಸಾಗಿಸಿ ಸಂಭ್ರಮದಿಂದ ನಿಂತಿದ್ದೆ. ಸಿದ್ದರಾಜು ಸುತ್ತಿಗೆ ಎತ್ತಿ ಒಂದೇಟು ಹಾಕಿದ. ಗಾರೆ ಬಿತ್ತು. ಅದರ ಹಿಂದೆ ಮಣ್ಣೂ ಬಿತ್ತು. ದೂಳು ಇಳಿದ ಮೇಲೆ ನೋಡುತ್ತೇನೆ, ಕರು ನುಗ್ಗುವಷ್ಟು ದೊಡ್ಡ ಕಿಂಡಿ. ಕಿಂಡಿಯ ಆಚೆ ಕೈಯಲ್ಲಿ ಸೊಪ್ಪು ಹಿಡಿದ ಜಯಮ್ಮ ನಮ್ಮನ್ನೇ ನೋಡುತ್ತಿದ್ದಾರೆ.

"ಅಲ್ಲ ಕಣ್ಲಾ ಸಿದ್ದರಾಜ, ಹುಳ ತಂದು ಇನ್ನೂ ಎಲ್ಡ್ ದಿನ ಆಗಿಲ್ಲ, ಗೋಡೆ ಕೆಡವ್ಬುಟ್ಟಲ್ಲೋ" ಎಂದರು.

"ನಾನೇನ್ ಮಾಡ್ಲಕ್ಕ, ಗಾರೆಗೆ ಒಂದೇಟ್ ಹಾಕ್ದೆ, ಗೋಡೆನೇ ಎದ್ ಬಂತು."

ಸಿದ್ದರಾಜು ಕಿಂಡಿಯನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ನೋಡಿ, ಸಾಮಾನು ತರುತ್ತೇನೆಂದು ಹೋದ. ಹೋದವನು ಹಾರೋಹಳ್ಳಿಯಲ್ಲಿ ಯಾವುದೋ ಹೊಸ ಫ್ಯಾಕ್ಟರಿಯ ಕಾಂಪೌಂಡು ಕಟ್ಟಲು ಸೇರಿಕೊಂಡ ಎಂದು ಆಮೇಲೆ ತಿಳಿಯಿತು. ಅವನನ್ನು ಬೈದು ಪ್ರಯೋಜನವಿಲ್ಲ. ಆ ವರ್ಷ ಸುತ್ತಮುತ್ತ ಗಾರೆ ಕೆಲಸ ಬಲ್ಲ ಒಂದು ಕೈಯೂ ಮನೆ ಕೆಲಸಕ್ಕೆ ಸಿಗುತ್ತಿರಲಿಲ್ಲ, ಎಲ್ಲರೂ ಫ್ಯಾಕ್ಟರಿ ಗೋಡೆಗಳ ಮೇಲಿದ್ದರು. ಸಿಕ್ಕಿದ್ದರೂ ಉಪಯೋಗವಿರಲಿಲ್ಲ. ಹುಳ ಒಳಗಿರುವ ತನಕ ಸುತ್ತಿಗೆ, ಸಿಮೆಂಟು, ಸುಣ್ಣ ಯಾವುದೂ ಹತ್ತಿರ ಸುಳಿಯಕೂಡದು ಎಂದು ಜಯಮ್ಮ ಆಜ್ಞೆ ಹೊರಡಿಸಿದರು. ಹುಳವೆಲ್ಲ ಗೂಡು ಕಟ್ಟಿ ಮುಗಿಸಿದ ಮೇಲೆಯೇ ಗೋಡೆ. ಅಲ್ಲಿಯವರೆಗೆ ಕಿಂಡಿಗೊಂದು ಗೋಣಿತಾಟು.

ಮರುದಿನ ಬೆಳಿಗ್ಗೆ ಸಾರಿಗೆ ಒಗ್ಗರಣೆ ಇಟ್ಟಿದ್ದೇನೆ, ಗೋಣಿತಾಟು ಸರಿದು ಜಯಮ್ಮನ ತಲೆ ನಮ್ಮ ಅಡುಗೆಮನೆಯೊಳಗೆ ಬಂತು.

"ಒಲೆ ಆರ್ಸವ್ವ."

"ಯಾಕೆ ಜಯಮ್ಮನೋರೆ?"

"ಒಗ್ರಣೆ ಘಾಟು ಹುಳಕ್ಕಾಗಕಿಲ್ಲ. ಊದುಬತ್ತಿ ಹಚ್ಬ್ಯಾಡ. ಸೊಳ್ಳೆ ಬತ್ತಿ ಹಚ್ಬ್ಯಾಡ. ಮಕಕ್ ಪೌಡ್ರು ಬಳಿಯೋದಾದ್ರೆ ಆ ರಸ್ತೆ ತುದೀಗ್ ಹೋಗಿ ಬಳ್ಕೊ."

ನನಗೆ ಮೈಯೆಲ್ಲ ಉರಿಯಿತು. ಬಾಡಿಗೆ ಕೊಡುವವರು ನಾವು, ಹುಳವೇನು ಬಾಡಿಗೆ ಕೊಡುತ್ತದೆಯೇ. ಇದನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಜಯಮ್ಮ ಸಿಟ್ಟಾಗಲಿಲ್ಲ. ಕಿಂಡಿಯಲ್ಲಿ ಮೊಣಕೈ ಊರಿ, ಗೌಡರು ಅಂಗಳದಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ವಿಷಯ ಬಿಡಿಸಿ ಹೇಳಿದರು. ಗೌಡರಿಗೆ ಹುಳದ ಮನೆಯನ್ನು ಅಡ್ಡಗೋಡೆ ಹಾಕಿ ರೂಮು ಮಾಡಿ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಬಿಡುವ ಆಸೆ. ಹಿಂದಿನ ಎರಡು ಬೆಳೆಯೂ ಕೆಟ್ಟಿದ್ದವು, ಹುಳಕ್ಕೆ ಸಪ್ಪೆ ರೋಗ ಬಂದು ತಿಪ್ಪೆ ಸೇರಿದ್ದವು. ಮನೆಯಲ್ಲಿ ದೊಡ್ಡ ಜಗಳವಾಗಿ, ಕೊನೆಗೆ ಒಂದು ಮಾತಾಗಿತ್ತು. ಈ ಬೆಳೆ ಬಂದರೆ ಹುಳದ ಮನೆ ಉಳಿಯುತ್ತದೆ, ಗೌಡರು ಅದರ ತಂಟೆಗೆ ಬರಕೂಡದು. ಕೆಟ್ಟರೆ ಜಯಮ್ಮ ಕೈ ತೊಳೆದುಕೊಂಡು ರೂಮಿಗೆ ಒಪ್ಪಬೇಕು.

"ಈ ಗೋಡೆ ತಾನಾಗೇ ಬಿತ್ತೋ, ಇವ್ರೇ ಕೆಡವ್ಸುದ್ರೋ, ಆ ದ್ಯಾವ್ರಿಗೇ ಗೊತ್ತು" ಎಂದರು ಜಯಮ್ಮ. "ನಾನ್ ಈ ಮನೆಗ್ ಬಂದಾಗ್ಲಿಂದ ಹುಳ ಮೇಯ್ಸಿವ್ನಿ. ನನ್ ಮಗಳ ಮದ್ವೆ ಈ ಹುಳದ್ದೇ. ನೀನ್ ಒಗ್ರಣೆ ಹಾಕುದ್ರೆ ನನ್ ಕತೆ ಮುಗೀತು ಕಣವ್ವ."

ಹೀಗೆ ಹೇಳಿದ ಮೇಲೆ ಏನು ಮಾಡುವುದು ಹೇಳಿ. ನಾನು ಒಲೆ ಆರಿಸಿದೆ.

ಒಗ್ಗರಣೆಯಿಲ್ಲದ ಸಾರು ತಿಂದು ನೋಡಿದ್ದೀರಾ? ತಿನ್ನಬೇಡಿ. ಬೇಳೆ ಬೇಳೆಯ ಪಾಡಿಗೆ, ನೀರು ನೀರಿನ ಪಾಡಿಗೆ ಇರುತ್ತವೆ. ಮೊದಲ ದಿನ ನಮ್ಮ ಯಜಮಾನರು "ಪರವಾಗಿಲ್ಲ" ಎಂದರು. ಎರಡನೆಯ ದಿನ ಏನೂ ಅನ್ನಲಿಲ್ಲ. ಆಮೇಲೆ ಫ್ಯಾಕ್ಟರಿ ಕ್ಯಾಂಟೀನಿನ ಸಾರನ್ನು ಹೊಗಳಲು ಶುರು ಮಾಡಿದರು. ನಮ್ಮ ಮನೆತನದ ಹೆಣ್ಣಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

ಅಂಗಳದಲ್ಲಿ ಒಲೆ ಹಚ್ಚೋಣವೆಂದರೆ ಗಾಳಿ ನೇರವಾಗಿ ಹುಳದ ಮನೆಯ ಕಿಟಕಿಗೆ ಬೀಸುತ್ತಿತ್ತು. ಮಾಳಿಗೆಯ ಮೇಲಾದರೆ ಘಾಟು ಹುಳದ ಮನೆಯ ಹೆಂಚಿನ ಸಂದಿಯಿಂದ ಇಳಿಯುತ್ತದೆ ಎಂದರು ಜಯಮ್ಮ. ಕೊನೆಗೆ ನಾನೊಂದು ತೀರ್ಮಾನಕ್ಕೆ ಬಂದೆ. ಸೀಮೆಎಣ್ಣೆ ಸ್ಟವ್, ಸಣ್ಣ ಬಾಣಲೆ, ಒಗ್ಗರಣೆ ಡಬ್ಬಿ, ಸಾರಿನ ಪಾತ್ರೆ, ಇಷ್ಟನ್ನೂ ಹೊತ್ತುಕೊಂಡು ಊರಾಚೆಯ ಬಸ್ ಶೆಲ್ಟರಿಗೆ ಹೋದೆ. ಕಲ್ಲು ಬೆಂಚಿನ ಮೇಲೆ ಸ್ಟವ್ ಹೂಡಿ ಸಾಸಿವೆ ಸಿಡಿಸಿದೆ. ಕರಿಬೇವು ಹಾಕಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಅಷ್ಟು ದಿನ ಅದುಮಿಟ್ಟಿದ್ದಕ್ಕೋ ಏನೋ, ಕೈ ಸ್ವಲ್ಪ ಧಾರಾಳವಾಗಿಯೇ ಹೋಯಿತು. ಅಷ್ಟರಲ್ಲಿ ಕನಕಪುರದ ಬಸ್ಸು ಬಂದು ನಿಂತಿತು. ಇಳಿಯುವವರು ಯಾರೂ ಇರಲಿಲ್ಲ, ಹತ್ತುವವರೂ ಇರಲಿಲ್ಲ. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ ಗಾಳಿ ಎಳೆದುಕೊಂಡು, "ಏನಮ್ಮ, ಇಲ್ಲಿ ಹೋಟ್ಲು ಮಾಡುದ್ರಾ?" ಎಂದ. ಹಿಂದಿನ ಸೀಟಿನಿಂದ ಯಾರೋ, "ಕಾಪಿ ಸಿಕ್ತದಾ ಕೇಳಿ" ಎಂದರು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದೆ. ಆದರೆ ನಿಜ ಹೇಳುತ್ತೇನೆ, ಒಳಗೊಳಗೇ ಹಿಗ್ಗಿದೆ. ನಮ್ಮಪ್ಪನ ಗುಟ್ಟು ಆ ಸೀಮೆಯಲ್ಲೂ ಕೆಲಸ ಮಾಡಿತ್ತು.

ಮಾರನೆಯ ದಿನ ಅದೇ ಬಸ್ಸಿನಿಂದ ಇಬ್ಬರು ಇಳಿದೇಬಿಟ್ಟರಂತೆ, ತಿಂಡಿ ಎಲ್ಲಿ ಎಂದು ಕೇಳಿದರಂತೆ. ಊರೆಲ್ಲ ಸುದ್ದಿಯಾಯಿತು. "ಗೌಡ್ರ ಮನೆ ಬಾಡಿಗೆಯೋಳು ಬಸ್ ಸ್ಟಾಪಲ್ಲಿ ಅಡಿಗೆ ಮಾಡ್ತಾಳೆ" ಎಂದು ಹೆಂಗಸರು ನೀರಿನ ಟ್ಯಾಂಕಿನ ಹತ್ತಿರ ನಗತೊಡಗಿದ ಮೇಲೆ ನಾನು ಶೆಲ್ಟರಿಗೆ ಹೋಗುವುದನ್ನು ಬಿಟ್ಟು ಸಪ್ಪೆ ಸಾರಿಗೆ ಶರಣಾದೆ.

ಗೌಡರು ಮಾತ್ರ ಉಲ್ಲಾಸದಲ್ಲಿದ್ದರು. ಬೆಳಿಗ್ಗೆ ಎದ್ದರೆ ಟೇಪು ಹಿಡಿದು ಹುಳದ ಮನೆಯ ಹೊರಗೋಡೆ ಅಳೆಯುವುದು, ಸಂಜೆ ಬಂದು ಮತ್ತೆ ಅಳೆಯುವುದು. ಬೆಳಿಗ್ಗೆ ಇದ್ದ ಗೋಡೆ ಸಂಜೆಗೆ ಬೆಳೆಯುತ್ತದೆಯೇ ಎಂದು ನನಗೆ ಅನುಮಾನ. ನನ್ನನ್ನು ಕಂಡರೆ, "ಈ ಹುಳದ್ ಸಾವಾಸ ಸಾಕು ಕಣಮ್ಮ. ಹುಳಕ್ಕೆ ಹೊತ್ತೊತ್ಗೆ ಸೊಪ್ಪಾಕ್ಬೇಕು, ಕಸ ತೆಗೀಬೇಕು, ಜ್ವರ ನೋಡ್ಬೇಕು. ಹುಡುಗ್ರಾದ್ರೆ ಅವ್ರ್ ಪಾಡಿಗ್ ಅವ್ರು ತಿಂದ್ಕಂಡ್ ಬತ್ತಾರೆ" ಎನ್ನುತ್ತಿದ್ದರು.

ಜ್ವರ ಎಂದರೆ ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಅಲುಗಾಡದೆ ಕೂತುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಗೂಡು ಕಟ್ಟುವ ಮುಂಚೆ ಅಂಥ ನಾಲ್ಕು ಜ್ವರ ಆಗಬೇಕು. ಇದನ್ನೆಲ್ಲ ನಾನು ಕಿಂಡಿಯಲ್ಲೇ ಕಲಿತೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಗೋಣಿತಾಟು ಸರಿಸಿ ಆ ಕಡೆ ಜಯಮ್ಮ, ಈ ಕಡೆ ನಾನು ಕೂತು ಮಾತಾಡುತ್ತಿದ್ದೆವು. ಅವರ ಊರು ಅಕ್ಕೂರಿನ ಹತ್ತಿರ. ಅವರ ತವರಿನಲ್ಲಿ ಹುಳಕ್ಕೆ ಜ್ವರ ಬಂದರೆ ಮಕ್ಕಳು ಮನೆಯೊಳಗೆ ಓಡಾಡುವಂತಿರಲಿಲ್ಲವಂತೆ. ಅವರು ಸೊಪ್ಪು ಹರಡುವ ಕೈ ಎಷ್ಟು ಮೃದುವಾಗಿ ಹೋಗುತ್ತಿತ್ತೆಂದರೆ, ಸಿದ್ದರಾಜುವಿಗೆ ಬೈದ ಬಾಯಿ ಇವರದೇನಾ ಅನ್ನಿಸುತ್ತಿತ್ತು. ಹಾಗೆ ನೋಡುತ್ತಾ ನೋಡುತ್ತಾ, ಈ ಹೆಂಗಸಿನ ಬೆಳೆ ಬರಲೇಬೇಕು ಎಂದು ನನಗೂ ಹಟ ಬಂತು. ಅದರಲ್ಲಿ ಸ್ವಾರ್ಥವೂ ಇತ್ತು ಅನ್ನಿ. ಅಷ್ಟು ಸಪ್ಪೆ ತಿಂದದ್ದು ದಂಡವಾಗಬಾರದಲ್ಲ.

ಹುಳಗಳು ನಾಲ್ಕನೆಯ ಜ್ವರಕ್ಕೆ ಕೂತ ದಿನವೇ ಮಾಗಡಿಯಿಂದ ಅಪ್ಪ ಬಂದರು. ಮಗಳ ಮನೆಗೆ ಬರುವುದೆಂದು ಬ್ಯಾಡಗಿ ಮೆಣಸಿನಕಾಯಿ, ಹೊಸ ಇಂಗಿನ ಡಬ್ಬಿ ತಂದಿದ್ದರು. ಕೈಕಾಲು ತೊಳೆದು ಒಂದು ಗುಟುಕು ಸಾರು ಕುಡಿದು ನನ್ನ ಮುಖ ನೋಡಿದರು.

"ಯಾರಿಗಮ್ಮ ಮೈ ಸರಿಯಿಲ್ಲ?"

"ಯಾರಿಗೂ ಇಲ್ಲಪ್ಪ. ಒಗ್ಗರಣೆ ಹಾಕೋ ಹಾಗಿಲ್ಲ. ನೀರು ಬಿಟ್ಟಿದ್ದಾರೆ, ಹಿಡಿದು ಬಂದು ಎಲ್ಲಾ ಹೇಳ್ತೀನಿ."

ಬಿಂದಿಗೆ ಎತ್ತಿಕೊಂಡು ಟ್ಯಾಂಕಿಗೆ ಓಡಿದೆ. ಮಗಳು ಗಂಡನ ಮನೆಯಲ್ಲಿ ಒಗ್ಗರಣೆಗೂ ಗತಿಯಿಲ್ಲದೆ ಇದ್ದಾಳೆ, ಹೇಳಿಕೊಳ್ಳಲು ನಾಚಿಕೆ ಎಂದು ಅಪ್ಪ ಅರ್ಥ ಮಾಡಿಕೊಂಡರು. ಆಮೇಲೆ ಒಬ್ಬ ಹೋಟೆಲಿನವನು ಏನು ಮಾಡಬೇಕೋ ಅದನ್ನು ಮಾಡಿದರು.

ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟು ಬೀದಿ ತಿರುವಿಗೆ ಬಂದಿದ್ದೆ. ಮೊದಲು ಬೆಳ್ಳುಳ್ಳಿ ಬಂತು. ಹಿಂದೆಯೇ ಇಂಗು. ಅದರ ಹಿಂದೆ ಕರಟಿದ ಬ್ಯಾಡಗಿ ಮೆಣಸಿನಕಾಯಿ. ಎಂಥ ಒಗ್ಗರಣೆ ಅಂತೀರಿ, ಬಾಯಲ್ಲಿ ನೀರು ಬಂತು, ಹಿಂದೆಯೇ ಹುಳ ನೆನಪಾಯಿತು. ಬಿಂದಿಗೆ ಅಲ್ಲೇ ಇಳಿಸಿ ಓಡಿದೆ. ಅಡುಗೆಮನೆಯಲ್ಲಿ ಅಪ್ಪ ಸೌಟು ಹಿಡಿದು ನಿಂತಿದ್ದರು. "ಈಗ ಕುಡಿ ನೋಡು" ಎಂದು ಮುಖ ಅರಳಿಸಿದರು. ಅವರ ಹಿಂದೆ ಗೋಣಿತಾಟಿನ ಸಂದಿಯಿಂದ ಘಾಟೆಲ್ಲ ನೆಟ್ಟಗೆ ಹುಳದ ಮನೆಗೆ ನುಗ್ಗುತ್ತಿತ್ತು.

ಜಯಮ್ಮ ಹೊಲದಿಂದ ಓಡಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕಿಟಕಿಗಳನ್ನೆಲ್ಲ ತೆರೆದು, ಮೊರ ತೆಗೆದುಕೊಂಡು ಬೀಸತೊಡಗಿದರು. ನಾನು ಇನ್ನೊಂದು ಮೊರ ತೆಗೆದುಕೊಂಡೆ. ವಿಷಯ ತಿಳಿದ ಅಪ್ಪ ಹೆಗಲ ಮೇಲಿನ ವಸ್ತ್ರ ಹಿಡಿದು ಬೀಸಿದರು. ಅಷ್ಟರಲ್ಲಿ ಗೌಡರು ಬಂದರು. ಬಂದವರು ಬಾಗಿಲಲ್ಲಿ ನಿಂತು ನೋಡಿದರು. ಬೆಳೆ ಕೆಡಲಿ ಎಂದು ಟೇಪು ಹಿಡಿದು ಕಾದಿದ್ದ ಮನುಷ್ಯ, ಏನು ಕಂಡಿತೋ ಏನೋ, ಹೆಂಡತಿಯ ಮುಖ ನೋಡಿದ್ದೇ ಟವೆಲು ಬಿಚ್ಚಿ ನಮಗಿಂತ ಜೋರಾಗಿ ಬೀಸಲು ನಿಂತುಬಿಟ್ಟರು.

ಘಾಟು ಹೋಯಿತು. ಹುಳಗಳಿಗೆ ಏನಾಯಿತು ಎಂದು ಗೊತ್ತಾಗುವಂತಿರಲಿಲ್ಲ. ಜ್ವರಕ್ಕೆ ಕೂತ ಹುಳ ಮೊದಲೇ ಅಲುಗಾಡುವುದಿಲ್ಲ. ಜ್ವರ ಬಿಟ್ಟು ಎದ್ದು ಸೊಪ್ಪು ತಿಂದರೆ ಬದುಕಿತು, ತಿನ್ನದಿದ್ದರೆ ಹೋಯಿತು. "ನಾಳೆ ಬೆಳಿಗ್ಗೆ ಗೊತ್ತಾಯ್ತದೆ" ಎಂದಷ್ಟೇ ಹೇಳಿ ಜಯಮ್ಮ ಮೂಲೆಯಲ್ಲಿ ಕೂತರು. ಅಪ್ಪ ಅವರ ಮುಂದೆ ನಿಂತು, "ತಾಯೀ, ನನಗೆ ಗೊತ್ತಿರ್ಲಿಲ್ಲ" ಎಂದರು. ಜಯಮ್ಮ ತಲೆಯಾಡಿಸಿದರು. ಆ ದಿನ ಅಪ್ಪ ತಾವೇ ಹಾಕಿದ ಒಗ್ಗರಣೆಯ ಸಾರನ್ನು ಮುಟ್ಟಲಿಲ್ಲ. ಮುಟ್ಟಲು ನನಗೂ ಮನಸ್ಸಾಗಲಿಲ್ಲ. ನಮ್ಮ ಯಜಮಾನರು ಮಾತ್ರ ಫ್ಯಾಕ್ಟರಿಯಿಂದ ಬಂದು, ಸಂದರ್ಭ ತಿಳಿಯದೆ, ಮೂರು ಸಲ ಬಡಿಸಿಕೊಂಡು ತಿಂದರು.

ಬೆಳಿಗ್ಗೆ ಜಯಮ್ಮ ಹುಳದ ತಟ್ಟೆಗಳ ಮೇಲೆ ಸೊಪ್ಪು ಹರಡಿದರು. ಆ ಕಡೆ ಗೌಡರು, ಈ ಕಡೆ ಕಿಂಡಿಯಲ್ಲಿ ನಾನು ಮತ್ತು ಅಪ್ಪ. ಎಷ್ಟೋ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಯಾವುದೋ ಮೂಲೆಯ ತಟ್ಟೆಯಿಂದ ಸಣ್ಣದಾಗಿ ಕರಕರ ಎಂದಿತು. ಪಕ್ಕದ ತಟ್ಟೆಯಲ್ಲಿ ಇನ್ನೊಂದು. ನೋಡುತ್ತಿದ್ದಂತೆ ಮನೆಯೆಲ್ಲ ಅದೇ ಸದ್ದು. ನಮ್ಮಪ್ಪ ಕಣ್ಣು ಮುಚ್ಚಿಕೊಂಡು ಕೇಳಿ, "ಪಂಕ್ತಿ ಕೂತ್ಕೊಳ್ತು" ಎಂದರು. ಜಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು.

ಅಪ್ಪ ಊರಿಗೆ ಹೋಗಲಿಲ್ಲ. ಹೋಟೆಲನ್ನು ನಿನ್ನ ತಮ್ಮನಿಗೆ ಒಪ್ಪಿಸಿದ್ದೇನೆ, ಬೆಳೆ ಮುಗಿಯುವ ತನಕ ಇಲ್ಲೇ ಇರುತ್ತೇನೆ ಎಂದರು. ಕೊನೆಯ ಹಂತದ ಹುಳದ ಹಸಿವು ಕಂಡವರಿಗೇ ಗೊತ್ತು, ಹಾಕಿದಷ್ಟೂ ಖಾಲಿ. ಅಪ್ಪ ಪಂಚೆ ಎತ್ತಿಕಟ್ಟಿ, ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕಿಟ್ಟು, ಊಟದ ಹೊತ್ತಿನಲ್ಲಿ ಹೋಟೆಲಿನೊಳಗೆ ಓಡಾಡುವಂತೆಯೇ ತಟ್ಟೆಗಳ ನಡುವೆ ಓಡಾಡಿದರು. "ಈ ಟೇಬಲ್‌ಗೆ ಬಂದಿಲ್ಲ ನೋಡಿ ತಾಯಿ" ಎಂದು ಜಯಮ್ಮನಿಗೇ ಹೇಳುವಷ್ಟಾದರು. "ಇಷ್ಟ್ ವರ್ಷ ಹೋಟ್ಲು ನಡೆಸ್ದೆ, ಉಪ್ಪು ಜಾಸ್ತಿ ಅನ್ನದ ಗಿರಾಕಿ ಇವತ್ತು ಸಿಕ್ಕಿದ್ರು" ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದರು.

ಹುಳ ಹಣ್ಣಾದ ದಿನ, ಅಂದರೆ ತಿನ್ನುವುದು ಬಿಟ್ಟು ಮೈ ಹಳದಿಗೆ ತಿರುಗಿ ಗೂಡು ಕಟ್ಟಲು ಜಾಗ ಹುಡುಕಿದ ದಿನ, ಜಯಮ್ಮ ಮನೆಗೆ ಬಂದವರನ್ನೆಲ್ಲ ಹಿಡಿದು ಕೂರಿಸಿದರು. ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರು ತಟ್ಟಿಗೆ, ಬಿಡಬೇಕು. ತಡವಾದರೆ ಕಂಡಲ್ಲಿ ಗೂಡು ಕಟ್ಟಿಬಿಡುತ್ತವೆ. ಹುಳ ಎಂದರೆ ಮೈ ಜುಂ ಎನ್ನುತ್ತಿದ್ದ ನಾನೂ ಬೊಗಸೆಯಲ್ಲಿ ಹಿಡಿದೆ. ತಣ್ಣಗೆ, ಮೆತ್ತಗೆ ಇದ್ದವು. ಎರಡನೆಯ ಶಿಫ್ಟಿಗೆ ಹೊರಟಿದ್ದ ನಮ್ಮ ಯಜಮಾನರು ಕಂಪನಿ ಬಸ್ಸು ತಪ್ಪಿಸಿಕೊಂಡರು. ವಿದ್ಯುತ್ ಬಿಲ್ಲು ಕೊಡಲು ಬಂದವನೂ ಬಿಲ್ಲಿನ ಯಂತ್ರ ಜಗಲಿಯ ಮೇಲಿಟ್ಟು ಅರ್ಧ ಚಂದ್ರಿಕೆ ತುಂಬಿಸಿ ಹೋದ.

ಗೂಡು ಗಟ್ಟಿಯಾಗಿ, ಕೈಯಲ್ಲಿ ಅಲುಗಿಸಿದರೆ ಗಲಗಲ ಎನ್ನುವ ಹಾಗೆ ಬಂತು. ಗೌಡರು ಅದನ್ನು ಆಟೋದಲ್ಲಿ ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋದರು. ಸಂಜೆ ಬಂದವರ ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣವಿತ್ತು. ಜಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ನಾನೂ ಅಪ್ಪನೂ ಮೆಟ್ಟಿಲ ಮೇಲಿದ್ದೆವು. ಗೌಡರು ಪೊಟ್ಟಣವನ್ನು ಹೆಂಡತಿಯ ಪಕ್ಕದಲ್ಲಿಟ್ಟರು.

"ಆಯ್ತು ಕಣೆ, ನಾನೇ ಸೋತೆ. ಇನ್ ರೂಮಿನ ಮಾತ್ ಆಡಾಕಿಲ್ಲ" ಎಂದರು.

"ಕಟ್ಸಿ" ಎಂದರು ಜಯಮ್ಮ.

"ಏನ?"

"ರೂಮ್ನ. ನಾಳೆನೇ ಸಿದ್ದರಾಜನ್ನ ಹುಡ್ಕಿ ಕರ್ಕಬನ್ನಿ. ನಂಗೂ ಸೊಂಟ ಬಿದ್ದೋಗೈತೆ. ಬಾಡಿಗೆ ಈಸ್ಕಳೋದು ಮಾತ್ರ ನಾನು."

ನನಗೆ ತಡೆಯಲಾಗಲಿಲ್ಲ. "ಅಲ್ಲ ಜಯಮ್ಮನೋರೆ, ಬಿಡೋದೇ ಆಗಿದ್ರೆ ನಾವ್ಯಾಕೆ ಇಷ್ಟು ದಿನ ಸಪ್ಪೆ ತಿಂದ್ವಿ?" ಎಂದು ಕೇಳಿಯೇಬಿಟ್ಟೆ.

ಜಯಮ್ಮ ಎಣ್ಣೆ ಕೈ ಒರೆಸಿಕೊಂಡು ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ನಮ್ಮಪ್ಪನಿಗೆ ಕೊಟ್ಟರು, ಎರಡನೆಯದನ್ನು ನನಗೆ. "ಸೋತು ಬುಡೋದ್ ಬೇರೆ, ಸಾಕು ಅಂತ ಬುಡೋದ್ ಬೇರೆ ಕಣವ್ವ" ಎಂದರು. "ನಂಗ್ ಒಂದ್ ಒಳ್ಳೆ ಬೆಳೆ ಬೇಕಿತ್ತು, ಬಂತು. ಈ ಸಲ ಕೆಟ್ಟಿದ್ರೆ ಇನ್ನೊಂದ್ ಸಲ ತರ್ತಿದ್ದೆ. ಅದೂ ಕೆಟ್ಟಿದ್ರೆ ಇನ್ನೊಂದು. ಸಾಯೋಗಂಟ ಬುಡ್ತಿರ್ಲಿಲ್ಲ."

ಗೌಡರು ಜಗಲಿಯ ಕಂಬ ಹಿಡಿದು ನಿಂತಿದ್ದರು. "ಕೆಟ್ರೆ ಕೈ ತೊಳ್ಕತೀನಿ ಅಂತ ಮಾತ್ ಕೊಟ್ಟಿದ್ದೆಯಲ್ಲೆ?"

"ಕೊಟ್ಟಿದ್ದೆ" ಎಂದರು ಜಯಮ್ಮ, ಬೆರಳಿಗೆ ಅಂಟಿದ ಪುಡಿಯನ್ನು ನೆಕ್ಕುತ್ತಾ. "ತೊಳ್ಕತಿರ್ಲಿಲ್ಲ."